ಮರೆಯಿಲ್ಲದ ದಾಳ

ಲಿಫ್ಟ್ ರಿಪೇರಿ ಮಾಡುವವನಿಗೆ ಸ್ಪ್ಯಾನರಿಗಿಂತ ಬಾಯಿ ಮುಖ್ಯ. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದವರು ಒಳಗಿಂದ ಬಾಗಿಲು ಬಡಿಯುವಾಗ, ಮೇಲೆ ಮೋಟಾರಿನ ಗತಿ ಏನೇ ಆಗಿರಲಿ, "ಇನ್ನೆರಡೇ ನಿಮಿಷ, ಬಂದೇಬಿಡ್ತು" ಎನ್ನಬೇಕು. ಈ ಮನುಷ್ಯ ಅದನ್ನು ಎಷ್ಟು ನಯವಾಗಿ ಹೇಳುತ್ತಿದ್ದನೆಂದರೆ, ಒಳಗಿದ್ದವರು ಬೆವರೊರೆಸಿಕೊಂಡು ಅವನ ಜೊತೆ ಹರಟೆಗಿಳಿಯುತ್ತಿದ್ದರು.

ಭಾನುವಾರ ಮಧ್ಯಾಹ್ನ ಅದೇ ಬಾಯಿಗೆ ಬೇರೆ ಕೆಲಸ. ಊಟದ ಮೇಜಿನ ಸುತ್ತ ಮಗಳು, ತಮ್ಮ, ಪಕ್ಕದ ಮನೆಯ ಟೈಲರಮ್ಮ ಕೂರುತ್ತಿದ್ದರು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಾಡು, ಕೋಟೆ, ರಾಕ್ಷಸರ ನಡುವೆ ಅಲೆಯುವ ಆಟ ಅದು. ಕಥೆ ಹೇಳುವವನು ಇವನು. ಏಟು ತಗಲಿತೋ ತಪ್ಪಿತೋ ಎಂದು ತೀರ್ಮಾನಿಸುವುದು ಇಪ್ಪತ್ತು ಮುಖದ ದಾಳ; ಸಂಖ್ಯೆ ದೊಡ್ಡದಾದರೆ ಏಟು ತಗಲಿದಂತೆ. ಹಳೆಯ ನಿಯಮದಲ್ಲಿ ರಾಕ್ಷಸರ ದಾಳವನ್ನು ಕಥೆಗಾರ ಒಂದು ರಟ್ಟಿನ ಮರೆಯ ಹಿಂದೆ ಉರುಳಿಸಬಹುದಿತ್ತು. ಬಿದ್ದದ್ದೆಷ್ಟು ಎಂದು ಬೇರೆಯವರಿಗೆ ತಿಳಿಯುತ್ತಿರಲಿಲ್ಲ.

ಆ ಮರೆಯ ಹಿಂದೆಯೇ ಗುಬ್ಬಿ ಇಷ್ಟು ವರ್ಷ ಬದುಕಿದ್ದಳು. ಗುಬ್ಬಿ ಎಂದರೆ ಮಗಳ ಪಾತ್ರ, ದೊಡ್ಡ ಗುರಾಣಿ ಹೊತ್ತ ಪುಟ್ಟ ಹುಡುಗಿ. ಆಸ್ಪತ್ರೆಗೆ ಸೇರುವ ಮುಂಚೆ ಅಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದ ಅವಳ ಚಿತ್ರ ಆಟದ ದಿನ ಮೇಜಿನ ಮೇಲಿರುತ್ತಿತ್ತು; ಒಂದು ಕಿವಿ ದೊಡ್ಡದು, ಒಂದು ಚಿಕ್ಕದು. ಅಮ್ಮ ವಾಪಸು ಬರಲಿಲ್ಲ. ಗುಬ್ಬಿಯನ್ನೂ ಕಳೆದುಕೊಳ್ಳಲು ಇವನ ಜೀವ ಒಪ್ಪಲಿಲ್ಲ. ಹತ್ತೊಂಬತ್ತು ಬಿದ್ದರೂ ಮುಖದಲ್ಲಿ ಒಂದಿಷ್ಟೂ ಬದಲಾವಣೆಯಿಲ್ಲದೆ "ನಾಲ್ಕು, ತಪ್ಪಿತು" ಎಂದುಬಿಡುತ್ತಿದ್ದ.

ಈ ಸಲದ ಹುಟ್ಟುಹಬ್ಬಕ್ಕೆ ಮಗಳು ಆಟದ ಹೊಸ ಆವೃತ್ತಿಯ ಪುಸ್ತಕ ಕೇಳಿದಳು. ಒಳಗೇನಿದೆ ಎಂದು ನೋಡದೆ ತಂದುಕೊಟ್ಟ ಪುಣ್ಯಾತ್ಮ ಇವನೇ. ಕಾಳಗದ ಅಧ್ಯಾಯವನ್ನು ಎರಡೆರಡು ಸಲ ಓದಿದ. ಮರೆ ಇಲ್ಲ. ದಾಳ ಎಲ್ಲರ ಕಣ್ಣೆದುರು ಬೀಳಬೇಕು, ಬಿದ್ದ ಮೇಲೆಯೇ ಕಥೆ ಹೇಳಬೇಕು. ಪಾತ್ರ ನೆಲಕ್ಕುರುಳಿದರೆ ಉಳಿಯಲು ಒಂದೇ ಸಲ ದಾಳ ಎಸೆಯುವ ಅವಕಾಶ; ಹತ್ತಕ್ಕಿಂತ ಕಡಿಮೆ ಬಿದ್ದರೆ ಕಥೆಗಾರ ಸಾವನ್ನು ನೇರವಾಗಿ ಹೇಳಬೇಕು. ವಾರವಿಡೀ ಮೋಟಾರು ಕೋಣೆಗಳಲ್ಲಿ ಗ್ರೀಸಿನ ಕೈಯಲ್ಲೇ ಪುಟ ತಿರುವಿದ. ಎಲ್ಲೂ ಒಂದು ಸಂದು ಸಿಗಲಿಲ್ಲ.

ಭಾನುವಾರ ಬಂತು. ಸೇತುವೆಯ ಮೇಲೆ ಗುಬ್ಬಿಗೆ ರಾಕ್ಷಸ ಎದುರಾದ. "ಕೊಡಲಿ ಗುರಾಣಿಗೆ ಬಡಿದು ಠಣ್ಣಂತ ಜಾರಿ..." ಎಂದು ಇವನು ಶುರು ಮಾಡಿಯೇಬಿಟ್ಟ.

"ಅಪ್ಪಾ, ದಾಳ ಇನ್ನೂ ನಿನ್ನ ಕೈಯಲ್ಲೇ ಇದೆ."

"ಪರೀಕ್ಷೆಗೆ ಮುಂಚೆನೇ ರಿಸಲ್ಟ್ ಓದ್ತಿದ್ದೀಯಲ್ಲೋ ಅಣ್ಣ!" ಎಂದು ತಮ್ಮ ನಕ್ಕ.

ದಾಳ ಉರುಳಿತು. ಹತ್ತೊಂಬತ್ತು. ನಾಲ್ಕು ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿತು. ಗುಬ್ಬಿ ಬಿದ್ದಳು.

"ಇದೊಂದ್ಸಲ ಹಳೇ ನಿಯಮಾನೇ ಇಟ್ಕೊಳ್ಳೋಣ," ಎಂದ. "ಎಲ್ಲರೂ ಇನ್ನೂ ಕಲೀತಾ ಇದ್ದೀವಲ್ಲ."

"ಹೌದಮ್ಮಾ, ಪಾಪ ಗುಬ್ಬಿ," ಎಂದರು ಟೈಲರಮ್ಮ.

"ಬೇಡ," ಎಂದು ಮಗಳು ತಾನೇ ದಾಳ ಎಸೆದಳು. ಮೂರು.

"ಅದು ಲೋಟಕ್ಕೆ ಒರಗಿದೆ, ಮತ್ತೆ ಹಾಕು."

"ಒರಗಿಲ್ಲ ಅಪ್ಪಾ."

"ಇನ್ನೆರಡೇ ನಿಮಿಷ ಇರು ಪುಟ್ಟಿ, ಪುಸ್ತಕ ನೋಡ್ತೀನಿ, ಏನಾದ್ರೂ ದಾರಿ..."

ಮಗಳು ಪುಸ್ತಕವನ್ನು ಮುಚ್ಚಿ ಮೇಲೆ ಕೈಯಿಟ್ಟಳು. "ಅಮ್ಮ ಆಸ್ಪತ್ರೆಯಲ್ಲಿದ್ದಾಗ್ಲೂ ಹೀಗೇ ಅಂದೆ. ಇನ್ನೆರಡೇ ದಿನ, ಅಮ್ಮ ಬಂದೇಬಿಡ್ತಾಳೆ ಅಂತ. ನಾನು ನಂಬ್ಕೊಂಡು ಸ್ಕೂಲಿಗೆ ಹೋದೆ. ನೀನು ಮರೆ ಹಿಂದೆ ಏನ್ ಮಾಡ್ತಿದ್ದೆ ಅಂತ ನಂಗೆ ಯಾವಾಗಿಂದಲೋ ಗೊತ್ತು. ಅದಕ್ಕೇ ಈ ಪುಸ್ತಕ ಕೇಳಿದ್ದು. ಹೇಳು."

ತಮ್ಮ ನಗು ನಿಲ್ಲಿಸಿದ್ದ. ಇವನು ಪುಸ್ತಕದತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಇವತ್ತು ಒಳಗೆ ಸಿಕ್ಕಿಬಿದ್ದವನು ತಾನು. ಹೊರಗೆ ನಿಂತು ಸಮಾಧಾನ ಹೇಳುವವರು ಯಾರೂ ಇರಲಿಲ್ಲ. ಗುಬ್ಬಿಯ ಚಿತ್ರದ ದೊಡ್ಡ ಕಿವಿಯ ಮೇಲೆ ಬೆರಳಿಟ್ಟ.

"ಗುಬ್ಬಿ ಹೋದಳು."

"ಹಾಗಲ್ಲ."

"ಸತ್ತಳು," ಎಂದ. "ಗುಬ್ಬಿ ಸತ್ತಳು."

ಮಗಳ ಕಣ್ಣು ತುಂಬಿತು. ಚಿತ್ರವನ್ನು ತನ್ನತ್ತ ಎಳೆದುಕೊಂಡು, "ಕೊನೇಲಿ ಎಚ್ಚರ ಇತ್ತಾ?" ಎಂದು ಕೇಳಿದಳು. ಅದು ಗುಬ್ಬಿಯ ವಿಷಯವಲ್ಲ ಎಂದು ಮೇಜಿನ ಸುತ್ತ ಎಲ್ಲರಿಗೂ ತಿಳಿಯಿತು.

ತಪ್ಪಿಸಿಕೊಳ್ಳಲು ಮರೆಯೂ ಇರಲಿಲ್ಲ, ಶಕ್ತಿಯೂ ಇರಲಿಲ್ಲ.

"ಇತ್ತು," ಎಂದ. "ನಿನ್ನನ್ನೇ ಕೇಳ್ತಾ ಇದ್ಲು. ಕರ್ಕೊಂಡ್ ಬಾ, ಕರ್ಕೊಂಡ್ ಬಾ ಅಂತ. ನಾನು ಅವಳಿಗೂ ಅದನ್ನೇ ಅಂದೆ ಪುಟ್ಟಿ. ಇನ್ನೆರಡೇ ನಿಮಿಷ, ಬಂದೇಬಿಡ್ತಾಳೆ ಅಂದೆ."