ಮೂಗಿಗೆ ಬಡಿದ ವಾಸನೆ

ಕಾರ್ಬೊರೇಟರ್ ಕೆಲಸದಲ್ಲಿ ಮುಳಬಾಗಿಲಿನಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಹಮ್ಮು ಮೆಕ್ಯಾನಿಕ್ ಗಂಗಾಧರನಿಗಿತ್ತು. ಹಮ್ಮಿಗೆ ಕಾರಣವೂ ಇತ್ತೆನ್ನಿ. ಆವನಿಯ ಅರ್ಚಕ ಚಂದ್ರಶೇಖರಯ್ಯನವರ ಹಳೇ ಕಾರು ಎಥನಾಲ್ ಬೆರೆತ ಪೆಟ್ರೋಲಿಗೆ ಒಗ್ಗದೆ ಮಾರಿಗೊಮ್ಮೆ ನಿಲ್ಲುತ್ತಿತ್ತು. ಗಂಗಾಧರ ಪೆಟ್ರೋಲ್ ತುಸು ಹೆಚ್ಚು ಹರಿಯುವಂತೆ ದೊಡ್ಡ ಜೆಟ್ ಹಾಕಿ, ಕಿವಿಗೊಟ್ಟು ಕೇಳುತ್ತಾ ಸ್ಕ್ರೂ ತಿರುವಿ ತಿರುವಿ ಇಂಜಿನ್ನನ್ನು ದಾರಿಗೆ ತಂದ.

ಉಳಿದದ್ದು ಪೆಟ್ರೋಲಿನ ರಬ್ಬರ್ ಪೈಪು. ಎಥನಾಲ್ ಹಳೇ ರಬ್ಬರನ್ನು ತಿಂದುಹಾಕುತ್ತದೆಂದು ಅವನಿಗೆ ಗೊತ್ತು. ಅದನ್ನು ತಾಳಿಕೊಳ್ಳುವಂಥ ಪೈಪು ಕೋಲಾರದಿಂದ ಬರಲು ಎರಡು ದಿನ ಬೇಕು. ಅರ್ಚಕರಿಗೋ ಮರುದಿನ ಬೆಳಿಗ್ಗೆಯೇ ಬಾಣಂತನ ಮುಗಿಸಿದ ಮಗಳು ಮಾಧವಿಯನ್ನೂ ಕೂಸನ್ನೂ ಅಳಿಯನ ಮನೆಗೆ ಬಿಡುವ ಮುಹೂರ್ತ. ಗಂಗಾಧರ ಪೈಪನ್ನು ಬೆರಳಲ್ಲಿ ಒತ್ತಿ ನೋಡಿ, "ಗಟ್ಟಿಗಿದೆ ಸ್ವಾಮಿ, ಹೋಗ್ಬನ್ನಿ" ಎಂದುಬಿಟ್ಟ.

ಕಾರು ಒಪ್ಪಿಸುವ ಮುಂಚೆ ಕೈಕಾಲು ತೊಳೆದು ಒಗೆದ ಶರ್ಟು ಹಾಕಿಕೊಂಡಿದ್ದ. ಆದರೂ ಬಾನೆಟ್ ಮುಚ್ಚುವಾಗ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಇಪ್ಪತ್ತು ವರ್ಷದಿಂದ ಮೈಗಂಟಿದ ವಾಸನೆ, ತನ್ನದೇ ಇರಬೇಕು ಅಂದುಕೊಂಡ ಪುಣ್ಯಾತ್ಮ.

ಬೆಳಿಗ್ಗೆ ಬಟ್ಟೆ ನೆನೆಹಾಕುತ್ತಿದ್ದ ಹೆಂಡತಿ ಸುನಂದ ಆ ಶರ್ಟನ್ನು ಮೂಸಿ ನಕ್ಕಳು. "ಏನ್ರೀ ಇದು ಆಶ್ಚರ್ಯ, ಪೆಟ್ರೋಲ್ ವಾಸ್ನೇನೇ ಇಲ್ವಲ್ಲ!"

ಗಂಗಾಧರ ಶರ್ಟು ಕಿತ್ತುಕೊಂಡು ತಾನೂ ಮೂಸಿದ. ಹಾಗಾದರೆ ನಿನ್ನೆಯ ವಾಸನೆ ಅವನದಲ್ಲ, ಸೋರುತ್ತಿರುವ ಪೈಪಿನದು. ರಿಪೇರಿಯಾದ ಗಾಡಿಯ ಬಾನೆಟ್ ಎತ್ತಿ ಇಂಜಿನ್ನಿಗೇ ಕರ್ಪೂರದ ಆರತಿ ಮಾಡದೆ ಅರ್ಚಕರು ಮನೆ ಬಿಟ್ಟವರಲ್ಲ. ಕೂಡಲೇ ಫೋನ್ ಮಾಡಿದ. ಎತ್ತಿದವಳು ಮಾಧವಿ.

"ಅಮ್ಮಾ, ಸ್ವಾಮಿಗೆ ಕೊಡಿ, ಬೇಗ!"

"ಅಪ್ಪ ಪೂಜೇಲಿದಾರೆ ಅಣ್ಣಾ. ನಾನೂ ಮಗೂನೂ ಆಗ್ಲೇ ಕಾರಲ್ಲಿ ಕೂತ್ಕೊಂಡಿದೀವಿ."

"ಇಳೀರಮ್ಮಾ! ಮಗೂನ ಎತ್ಕೊಂಡು ಓಡಿ! ಕರ್ಪೂರ ಹಚ್ಬೇಡಿ ಅನ್ನಿ!"

"ಏನಂದ್ರಿ? ಗಂಟೆ ಸದ್ದಲ್ಲಿ ಒಂದೂ ಕೇಳಿಸ್ತಿಲ್ಲ. ಇಂಜಿನ್ ಮಾತ್ರ ಎಷ್ಟು ಚೆನ್ನಾಗಿ ಓಡ್ತಿದೆ ಗೊತ್ತಾ, ತಡೀರಿ, ನೀವೇ ಕೇಳಿ."

ಅವಳು ಫೋನನ್ನು ಕಿಟಕಿಯಾಚೆ ಹಿಡಿದಳು. ಗಂಗಾಧರ ಗಂಟಲು ಹರಿಯುವಂತೆ ಕೂಗುತ್ತಲೇ ಇದ್ದ. ಆ ಕಡೆಯಿಂದ ಅವನ ಕಿವಿ ತುಂಬಿದ್ದು ಅವನೇ ಹದ ಮಾಡಿದ ಇಂಜಿನ್ನು ಒಂದೂ ತೊದಲಿಲ್ಲದೆ ಓಡುವ ಸದ್ದು.

ಆಮೇಲೆ ಗಂಟೆಯ ಸದ್ದು ಅರ್ಧಕ್ಕೆ ನಿಂತಿತು. ಮಾಧವಿ ಕಿರುಚಿದಳು.