ಶಾಂತಮಲ್ಲಪ್ಪನವರ ಅಭಿಪ್ರಾಯ, ಮೂರನೇ ಸಲ

1

ಎಲ್ಲಿಂದ ಶುರು ಮಾಡುವುದು? ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬರುವ ಬಸ್ಸಿನಿಂದ ಎಂದು ಒಂದು ಕರಡು ಬರೆದೆ. ಅರ್ಧ ಪುಟ ಬರೀ ಕಿಟಕಿಯಾಯಿತು, ಹರಿದೆ. ಸುದ್ದಿಮನೆಯ ಅಭ್ಯಾಸದಂತೆ ಸಂಗತಿ ಮೊದಲು: ಭಾಗ್ಯ, ಎಂ.ಎ. ವಿದ್ಯಾರ್ಥಿನಿ. ಹಾಜರಿ ಶೇ. 71, ಬೇಕಾದದ್ದು 75. ಕಾರಣ, ಹೆರಿಗೆ. ಬುಧವಾರ ಪರೀಕ್ಷೆ. ಇವತ್ತು ಶುಕ್ರವಾರ, ಹಾಲ್ ಟಿಕೆಟ್ ಇಲ್ಲ.

(ಈ ವಿಶ್ವವಿದ್ಯಾಲಯ ನನ್ನ ಕಲ್ಪನೆ. ಹುಡುಕಿಕೊಂಡು ಹೋಗಬೇಡಿ.)

2

ವಿಶ್ವವಿದ್ಯಾಲಯದ ಕಾನೂನು ಸಲಹೆಗಾರ ಶಾಂತಮಲ್ಲಪ್ಪನವರ ಮೇಜಿಗೆ ಭಾಗ್ಯಳ ಕಡತ ಮೂರನೇ ಸಲ ಬಂದಿತ್ತು. ಎರಡು ಸಲವೂ ಅವರು ಬರೆದದ್ದು ಒಂದೇ: ಹೆರಿಗೆಗೆ ವಿನಾಯಿತಿ ಕೊಡಲು ನಿಯಮದಲ್ಲಿ ಅವಕಾಶವಿದೆ, ತೀರ್ಮಾನ ಕುಲಸಚಿವರದು. ಎರಡು ಸಲವೂ ಕುಲಸಚಿವರು ‘ಮರುಪರಿಶೀಲಿಸಿ’ ಎಂದು ಹಿಂದಕ್ಕೆ ಕಳಿಸಿದ್ದರು. ಕಾನೂನು ಗೊತ್ತಿಲ್ಲದೆ ಅಲ್ಲ, ಸಹಿ ಹಾಕಲು ಅಂಜಿಕೆ. ಮೂವತ್ತು ವರ್ಷ ಕೋರ್ಟು ಕಂಡ ಶಾಂತಮಲ್ಲಪ್ಪನವರಿಗೆ ಇದು ತಿಳಿಯದ್ದೇನಲ್ಲ.

ಎದುರಿಗೆ ಭಾಗ್ಯ, ಪಕ್ಕದಲ್ಲಿ ಅವಳ ತಾಯಿ ಸುಂದ್ರಮ್ಮ, ಸುಂದ್ರಮ್ಮನ ಮಡಿಲಲ್ಲಿ ಕೂಸು.

“ಮಗೀನೂ ಒಟ್ಟೆ ಒಳ್ಗಿದ್ಕಂಡು ಕಿಲಾಸ್ಗೆ ಬಂದದ ಕಣಪ್ಪ,” ಎಂದರು ಸುಂದ್ರಮ್ಮ. “ಅದ್ರ ಆಜ್ರಿನೂ ಸೇರುಸ್ಕಳಿ.”

ಶಾಂತಮಲ್ಲಪ್ಪನವರು ನಗು ತಡೆದುಕೊಂಡರು. “ನಿಯಮದಲ್ಲಿ ಅದ್ಕೊಂದು ಕಾಲಂ ಇಲ್ಲ ಕಣವ್ವ.”

3

(ಇಲ್ಲಿ ನಾನು ಬಾಯಿ ಹಾಕಿದೆ. “ಸಾರ್, ‘ತೀರ್ಮಾನ ಕುಲಸಚಿವರದು’ ಅನ್ನೋ ಸಾಲು ಹೊಡೆದುಹಾಕಿ. ನೀವೇ ಹಾಲ್ ಟಿಕೆಟ್ ಕೊಡಿಸಿ. ನಿಮ್ಮನ್ನ ಹೀರೋ ಮಾಡ್ತೀನಿ.”

“ಸಲಹೆ ಕೊಡೋನು ಇವತ್ತು ತೀರ್ಪು ಕೊಟ್ರೆ, ನಾಳೆ ಇನ್ನೊಬ್ಳು ಹುಡ್ಗೀನ ಹಂಗೇ ಹೊರಕ್ಕೂ ಹಾಕ್ಬುಡ್ತಾನೆ ಕಣ್ಲಾ. ಸುಮ್ಕೆ ಬರ್ಕೊ.”

ಲೇಖಕನಿಗೇ ‘ಲಾ’. ಪಾತ್ರಗಳಿಗೆ ಸಲಿಗೆ ಕೊಟ್ಟದ್ದು ನನ್ನದೇ ತಪ್ಪು.)

4

ಆ ಸಾಲು ಉಳಿಯಿತು. ಅದರ ಕೆಳಗೆ ಇನ್ನೊಂದು ಸೇರಿತು: ‘ತೀರ್ಮಾನ ಏನೇ ಇರಲಿ, ಅದನ್ನು ಇಂದೇ ಕಾರಣಸಹಿತ ಬರೆದು, ಪ್ರತಿಯನ್ನು ವಿದ್ಯಾರ್ಥಿನಿಗೆ ಕೊಡುವುದು ಅಗತ್ಯ.’

ಬರೆದ ಕಾರಣವನ್ನು ಮುಂದೆ ಹೈಕೋರ್ಟು ಓದಬಹುದು. ಇದು ಕುಲಸಚಿವರಿಗೂ ಗೊತ್ತು. ಶಾಂತಮಲ್ಲಪ್ಪನವರು ಕಡತವನ್ನು ತಾವೇ ಎತ್ತಿಕೊಂಡು ಹೋಗಿ ಕುಲಸಚಿವರ ಮುಂದಿಟ್ಟರು. ಇಟ್ಟು ಹಿಂದಿರುಗಲಿಲ್ಲ. ಎದುರಿನ ಕುರ್ಚಿಯಲ್ಲೇ ಕುಳಿತರು.

5

ಮುಕ್ತಾಯ ಒಂದು: ಸಹಿ.

ಮುಕ್ತಾಯ ಎರಡು: ಕಾರಣಸಹಿತ ನಿರಾಕರಣೆ. ಸೋಮವಾರ ಹೈಕೋರ್ಟು, ಮಂಗಳವಾರ ದೇವರು.

ಮುಕ್ತಾಯ ಮೂರು: ಕುಲಸಚಿವರು ಕಾಫಿ ತರಿಸುತ್ತಾರೆ. ಇಬ್ಬರೂ ಕುಡಿಯುತ್ತಾರೆ. ಪೆನ್ನಿನ ಕ್ಯಾಪ್ ಇನ್ನೂ ತೆಗೆದಿಲ್ಲ.

ಮೊದಲನೆಯದನ್ನೇ ಬರೆದುಬಿಡಲು ನನ್ನ ಕೈ ತುರಿಸಿತು. ಯಾವುದು ಬೇಕೆಂದು ಹೊರಗಿನ ಬೆಂಚಿನ ಮೇಲಿದ್ದ ಭಾಗ್ಯಳನ್ನು ಕೇಳಿದೆ.

ಅವಳು ನೋಟ್ಸಿನಿಂದ ತಲೆ ಎತ್ತಲಿಲ್ಲ.

“ಆಮೇಲ್ ಬರ್ಕಳಿ ಸಾ. ನಂಗಿನ್ನೂ ಎಲ್ಡು ಯುನಿಟ್ ಉಳ್ದದ.”