ಕಾಳಿ ದಂಡೆಯ ಸೀತೆ

ಲಗಮಪ್ಪ ಧಾರವಾಡದ ಛಾಪಖಾನೆಯೊಂದರಲ್ಲಿ ಮರದ ಹಲಗೆಯ ಮೇಲೆ ಚಿತ್ರ ಕೆತ್ತಿ ಅಚ್ಚು ತೆಗೆಯುವುದನ್ನು ಕಲಿತಿದ್ದ. ಅದು ಮುಚ್ಚಿದ ಮೇಲೆ ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಹೊರಲು ಬಂದು, ಕೂಲಿಗಳ ಸಾಲುಮನೆಯ ಚಾಳಿನಲ್ಲಿ ಇಳಿದ. ಪಾಳಿ ಮುಗಿಸಿ ಬಂದರೆ ತೋಳು ಎತ್ತಲಾಗುತ್ತಿರಲಿಲ್ಲ. ಆದರೂ ಹಳಿಯಾಳದ ಕಿರಾಣಿ ಸಾವುಕಾರ ಅಂದಾನೆಪ್ಪ ಅಂಗಡಿಯ ಕ್ಯಾಲೆಂಡರಿಗೆ ಚಿತ್ರ ಕೇಳಿದಾಗ ಒಲ್ಲೆನೆನ್ನಲು ಮನಸ್ಸು ಬರಲಿಲ್ಲ.

ಮೊದಲು ಕೋಗಿಲಬನದ ಬಳಿಯ ಕಾಳಿ ಹೊಳೆಯನ್ನು ಬರೆದು ತೋರಿಸಿದ. ಬಂಡೆ, ಬಿದಿರ ಮೆಳೆ, ಆಚೆ ಗುಡ್ಡ.

“ಬರೇ ಹೊಳಿ ಯಾರ ಗ್ವಾಡಿಗೆ ಹಾಕ್ತಾರೋ? ದೇವರನ್ನ ತಂದು ನಿಲ್ಲಸು,” ಎಂದ ಅಂದಾನೆಪ್ಪ.

ಲಗಮಪ್ಪ ವನವಾಸದ ಮೂವರನ್ನು ತಂದ. ರಾಮ ಲಕ್ಷ್ಮಣರು ಸಲೀಸಾಗಿ ಬಂದರು. ಸೀತೆ ಮಾತ್ರ ಕೈಗೆ ಸಿಗಲಿಲ್ಲ. ಒಂದು ಸಂಜೆ ಹೊಳೆಯಿಂದ ನೀರು ತರುತ್ತಿದ್ದ ಹೆಂಡತಿ ಮಾಲವ್ವ ಬಂಡೆಯ ಮೇಲೆ ಕುಸಿದು ಕೂತಳು. ಕೊಡ ಪಕ್ಕಕ್ಕಿಟ್ಟು, ಕಾಲು ಚಾಚಿ, ಹಿಮ್ಮಡಿ ತಿಕ್ಕಿಕೊಂಡಳು. ಕೂಸು ಕಳೆದುಕೊಂಡ ಮೇಲೆ ಅವಳಲ್ಲಿ ಮೊದಲಿನ ಕಸುವಿರಲಿಲ್ಲ. ದಣಿದೆನೆಂದು ಬಾಯಿಬಿಟ್ಟವಳೂ ಅಲ್ಲ. ಹಲಗೆಯಲ್ಲಿ ಸೀತೆ ಹಾಗೆಯೇ ಕೂತಳು.

ಮೊದಲ ಅಚ್ಚನ್ನು ಮಾಲವ್ವ ಬಹಳ ಹೊತ್ತು ನೋಡಿದಳು. “ಅವತ್ತ ನನ್ನ ನೋಡಿದ್ರೇನ್ರೀ?”

“ನೋಡಿದ್ನಿ.”

ಅವಳು ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದಾನೆಪ್ಪನಿಗೆ ಮಾತ್ರ ಸಿಟ್ಟು ಬಂತು. “ಕಾಲು ಚಾಚಿ ಕುಂತಾಳಲ್ಲೋ! ದೇವರು ದಣಿತಾರೇನು? ಮಂದಿ ಇದಕ್ಕ ಊದಿನಕಡ್ಡಿ ಬೆಳಗಬೇಕು. ಎಬ್ಬಿಸಿ ನಿಲ್ಲಸು.”

“ಕೆತ್ತಿದ್ದನ್ನ ಎಬ್ಬಸಾಕ ಬರೂದಿಲ್ರೀ ಸಾವಕಾರ್ರ. ತಗೀಬೌದು, ಅಷ್ಟ.”

“ಹಂಗಾರ ತಗಿ.”

ಹೊಸ ಹಲಗೆ ಹಿಡಿಯುವ ತ್ರಾಣ ಲಗಮಪ್ಪನಿಗಿರಲಿಲ್ಲ; ವಾದಿಸುವ ತ್ರಾಣವಂತೂ ಇಲ್ಲವೇ ಇಲ್ಲ. ಉಳಿ ಹಿಡಿದು ಸೀತೆಯನ್ನು ಕೆತ್ತಿ ತೆಗೆದ. ಅಚ್ಚಿನಲ್ಲಿ ಬಂಡೆಯ ಮೇಲೆ ಬೆಳ್ಳನೆಯ ಜಾಗ ಉಳಿಯಿತು. ರಾಮ ಅತ್ತಲೇ ನೋಡುತ್ತಿದ್ದ.

“ಸೀತಿನ್ನ ಹುಡುಕಾಕತ್ತಾರ! ಭಾಳ ಚಲೋ ಬಂತು,” ಎಂದು ಅಂದಾನೆಪ್ಪ ಹಿಗ್ಗಿದ. ಕೆಳಗೆ ‘ಸೀತಾನ್ವೇಷಣೆ’ ಎಂದು ಹಾಕಿಸಿದ. ಸಂತೆಗೆ ಬಂದವರು ಕೇಳಿ ಕೇಳಿ ಒಯ್ದರು.

ಲಗಮಪ್ಪ ಒಂದನ್ನು ಮನೆಗೆ ತಂದ. ಮಾಲವ್ವ ಬಿಚ್ಚಿ ನೋಡಿದಳು.

“ಆಕಿ ಎಲ್ಲ್ಯದಾಳ್ರೀ?”

“ಕುಂತದ್ದು ಸಾವಕಾರ್ರಿಗೆ ಸೇರಲಿಲ್ಲ.”

“ನಿಮಗ?”

ಅವನು ಕ್ಯಾಲೆಂಡರನ್ನು ಸುತ್ತಿ ಬದಿಗಿಟ್ಟ. ಅವಳು ನೀರಿಗೆ ಹೊರಡಲು ಕೊಡಕ್ಕೆ ಕೈಹಾಕಿದಳು. ಲಗಮಪ್ಪ ಅದನ್ನು ಕಸಿದುಕೊಂಡ.

“ನೀ ಕುಂದರು.”

“ಚಾಳಿನ ಮಂದಿ ನಗ್ತಾರ್ರೀ.”

“ನಗಲಿ.”

ಮುಂದಿನ ವರ್ಷ ಅಂದಾನೆಪ್ಪ ಹೇಳಿಕಳಿಸಿದಾಗ ಮೈಗೆ ಆರಾಮಿಲ್ಲವೆಂದ. ನೀರು ತರುವುದು ಮಾತ್ರ ಅವನ ಕೆಲಸವಾಗಿಯೇ ಉಳಿಯಿತು. ಪಾಳಿ ಮುಗಿಸಿ, ನೊಂದ ಭುಜಕ್ಕೇ ಕೊಡವೇರಿಸಿಕೊಂಡು ಬರುವವನನ್ನು ಕಂಡು ಹೊಳೆದಾರಿಯ ಹೆಂಗಸರು ಮೊದಮೊದಲು ಕಿಸಕ್ಕನೆ ನಕ್ಕರು. ಆಮೇಲೆ ಸುಮ್ಮನೆ ದಾರಿ ಬಿಟ್ಟರು.